ಟ್ರ್ಯಾಕರ್‌ಗೆ ಕಳ್ಳನ ಪಟ್ಟ ಕಟ್ಟಬೇಡಿ

"ಟೊರೆಂಟ್ ಎಲ್ಲ ನಮ್ಮಲ್ಲಿ ನಡೆಯಲ್ಲ ಸಾರ್, ಅದು ಕಳ್ಳಮಾಲು." ಇವತ್ತು ಮತ್ತೆ ಈ ಮಾತು ಕೇಳಿ ತಲೆ ಬಿಸಿಯಾಗಿದೆ. ಟೊರೆಂಟ್ ಅಂದರೆ ಒಂದು ಫೈಲನ್ನು ಬೇಕಾದವರೇ ತುಂಡುತುಂಡಾಗಿ ಒಬ್ಬರಿಗೊಬ್ಬರು ಹಂಚಿಕೊಳ್ಳುವ ದಾರಿ. ಅವರನ್ನು ಒಬ್ಬರಿಗೊಬ್ಬರು ಭೇಟಿ ಮಾಡಿಸುವ ಸರ್ವರ್ ಟ್ರ್ಯಾಕರ್. ಸರ್ವರ್‌ಗಳ ಜೊತೆಗೇ ನನ್ನ ಅನ್ನ ಅಂತ ನಿಮಗೆಲ್ಲ ಗೊತ್ತೇ ಇದೆ. ಅದಕ್ಕೇ ಇದು ಜಾಸ್ತಿ ನಾಟುತ್ತದೆ.

ಹೇಳಿದ್ದು ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರು. ಅಲ್ಲಿ ಪ್ರತಿ ಮಷೀನಿನ ವರ್ಚುವಲ್‌ಬಾಕ್ಸ್‌ಗೂ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಡೆಬಿಯನ್ ಅನ್ನುವ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಬೇಕಿತ್ತು. ಅದರ ಡಿವಿಡಿ ಇಮೇಜ್ (ಇಡೀ ಡಿವಿಡಿಯನ್ನೇ ಒಂದು ಫೈಲ್ ಮಾಡಿದ್ದು) ಒಂದಕ್ಕೆ ಸುಮಾರು 4 ಜಿಬಿ. ಪಕ್ಕಪಕ್ಕದ ಮಷೀನುಗಳು ಅದೇ ಫೈಲನ್ನು ಹೊರಗಿನಿಂದ ಬೇರೆ ಬೇರೆಯಾಗಿ ಎಳೆದುಕೊಳ್ಳುತ್ತಿದ್ದವು. ಇಡೀ ಲೈನು ಕುಂಟುತ್ತಿತ್ತು. ಎಲ್ಲ ಮಷೀನೂ ಒಂದೇ ಸ್ವಿಚ್‌ಗೆ ಸಿಕ್ಕಿಸಿವೆ! ಒಂದು ಟ್ರ್ಯಾಕರ್ ಓಡಿಸಿದ್ದರೆ ಅವು ತಮ್ಮತಮ್ಮಲ್ಲೇ ಹಂಚಿಕೊಂಡು ಮುಗಿಸುತ್ತಿದ್ದವು. ಡೆಬಿಯನ್‌ನವರೇ ತಮ್ಮ ಇಮೇಜ್‌ಗಳನ್ನು ಟೊರೆಂಟ್‌ನಲ್ಲಿ ಕೊಡುತ್ತಾರೆ, ಅದಕ್ಕೆ ಸ್ವಂತ ಟ್ರ್ಯಾಕರ್ ಇಟ್ಟಿದ್ದಾರೆ. ಇದರಲ್ಲಿ ಕಳ್ಳಮಾಲು ಯಾವುದು, ಹೇಳಿ?

ಟ್ರ್ಯಾಕರ್ ಹತ್ತಿರ ಫೈಲ್ ಇರುವುದೇ ಇಲ್ಲ. ನಿಮ್ಮ ಟೊರೆಂಟ್ ಕ್ಲೈಂಟ್, ಅಂದರೆ ಫೈಲ್ ಇಳಿಸುವ ಸಾಫ್ಟ್‌ವೇರ್, ಹೋಗಿ ಅದಕ್ಕೆ ತನ್ನ ವಿವರ ಹೇಳುತ್ತದೆ: ನನಗೆ ಬೇಕಾದ ಟೊರೆಂಟಿನ 20 ಬೈಟ್ ಹ್ಯಾಶ್ (ಬೆರಳಚ್ಚಿನಂಥ ಗುರುತು) ಇದು, ನನ್ನ ಪೋರ್ಟ್ (ನನ್ನನ್ನು ತಲುಪುವ ಬಾಗಿಲಿನ ನಂಬರ್) ಇದು, ಇನ್ನು ಇಷ್ಟು ಬೈಟ್ ಬಾಕಿ. ಬಾಕಿ ಸೊನ್ನೆ ಅಂದರೆ ಪೂರ್ತಿ ಫೈಲ್ ಇದೆ ಅಂತ. ಅದೇ ಹ್ಯಾಶ್ ಕೇಳಿಕೊಂಡು ಬಂದಿದ್ದ ಬೇರೆಯವರ ವಿಳಾಸವನ್ನು ಟ್ರ್ಯಾಕರ್ ಇವರಿಗೆ ಕೊಡುತ್ತದೆ. ಒಂದು ವಿಳಾಸಕ್ಕೆ 6 ಬೈಟ್, ಐಪಿಗೆ 4, ಪೋರ್ಟ್‌ಗೆ 2. ಐವತ್ತು ಜನರ ವಿಳಾಸ 300 ಬೈಟ್‌ಗೆ ಮುಗಿಯಿತು. ಊರಿಗೆ ಹೊಸಬರು ಬಂದರೆ ಬಸ್‌ಸ್ಟ್ಯಾಂಡಿನ ಅಂಗಡಿಯವರು ಮನೆ ತೋರಿಸುತ್ತಾರಲ್ಲ, ಅಷ್ಟೇ ಇದರ ಕೆಲಸ. ಫೈಲಿನ ಹೆಸರು ಕೂಡ ಅದಕ್ಕೆ ಬೇಕಿಲ್ಲ.

ಈ ಸಣ್ಣ ಕೆಲಸವನ್ನು ಎಷ್ಟು ಚಂದ ಮಾಡಬಹುದು ಅಂತ ನೋಡಬೇಕಾದರೆ ಓಪನ್‌ಟ್ರ್ಯಾಕರ್ ಅನ್ನುವ ಟ್ರ್ಯಾಕರ್ ಸಾಫ್ಟ್‌ವೇರ್ ನೋಡಿ. ಜರ್ಮನಿಯ ಡಿರ್ಕ್ ಎಂಗ್ಲಿಂಗ್ ಸಿ ಭಾಷೆಯಲ್ಲಿ ಬರೆದದ್ದು. ಡೇಟಾಬೇಸ್ ಇಲ್ಲ. ಯಾರು ಎಲ್ಲಿದ್ದಾರೆ ಅನ್ನುವುದೆಲ್ಲ ಬರೀ ಮೆಮೊರಿಯಲ್ಲಿ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಪಟ್ಟಿ ಅಳಿಸಿಹೋಗುತ್ತದೆ. ಹೋದರೆ ಹೋಗಲಿ, ಕ್ಲೈಂಟ್‌ಗಳು ಅರ್ಧ ಗಂಟೆಗೊಮ್ಮೆ ಬಂದು ಹಾಜರಿ ಹಾಕುತ್ತವೆ, ಪಟ್ಟಿ ತಾನಾಗೇ ಮತ್ತೆ ತುಂಬುತ್ತದೆ. ಅದರ ಕೋಡ್ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ, ಅಷ್ಟು ಖುಷಿಯಾಗಿತ್ತು. ವೆಬ್‌ಸೈಟುಗಳು ಬಳಸುವ ಎಚ್‌ಟಿಟಿಪಿ ಬಿಟ್ಟು ಯುಡಿಪಿ ಅನ್ನುವ ಸರಳ ವಿಧಾನದಲ್ಲಿ ಕೇಳಿದರೆ ಇನ್ನೂ ಹಗುರ. 50 ವಿಳಾಸ ತರಲು ಸುಮಾರು 10 ಪ್ಯಾಕೆಟ್ (ಡೇಟಾದ ಸಣ್ಣ ಕಟ್ಟು) ಬೇಕಿದ್ದ ಕಡೆ 4 ಸಾಕು. ಇಷ್ಟು ಮಿತವಾಗಿ ಬದುಕುವ ಸಾಫ್ಟ್‌ವೇರ್ ಈಗ ಎಷ್ಟಿವೆ? ಇದನ್ನು ಕಳ್ಳ ಅಂತ ಕರೆದಾಗ ನನಗೆ ನಿಜಕ್ಕೂ ನೋವಾಗುತ್ತದೆ.

"ಹಾಗಾದ್ರೆ ಸಿನಿಮಾ ಕದಿಯೋರು ಬಳಸೋದೂ ಇದನ್ನೇ ಅಲ್ವಾ?" ಅಂತ ಕೇಳುತ್ತೀರಿ, ಗೊತ್ತು. ಹೌದು, ಕದ್ದ ಸಿನಿಮಾಗಳ ಟೊರೆಂಟಿಗೆ ಹೆಸರಾದ ಪೈರೇಟ್ ಬೇ ಸೈಟು ಇದೇ ಓಪನ್‌ಟ್ರ್ಯಾಕರ್ ಬಳಸುತ್ತಿತ್ತು. ಆದರೆ ಮುಂದಿನದ್ದನ್ನೂ ಕೇಳಿ. 2009ರ ನವೆಂಬರ್‌ನಲ್ಲಿ ಅವರು ತಮ್ಮ ಟ್ರ್ಯಾಕರ್ ಶಾಶ್ವತವಾಗಿ ನಿಲ್ಲಿಸಿದರು. ಕ್ಲೈಂಟ್‌ಗಳು ಒಂದನ್ನೊಂದು ತಾವೇ ಹುಡುಕಿಕೊಳ್ಳುವ ಡಿಎಚ್‌ಟಿ ಬಂದಾಗಿತ್ತು, ಬರೀ ಹ್ಯಾಶ್ ಹಿಡಿದು ಟೊರೆಂಟ್ ಹುಡುಕಿಸುವ ಮ್ಯಾಗ್ನೆಟ್ ಲಿಂಕ್ ಬಂದಾಗಿತ್ತು. ಟ್ರ್ಯಾಕರ್ ಹೋಯಿತು, ಸೈಟು ನಡೆಯಿತು, ಕದಿಯುವವರು ಕದಿಯುತ್ತಲೇ ಇದ್ದರು. ಹಾಗಿದ್ದ ಮೇಲೆ ಲ್ಯಾಬಿನಲ್ಲಿ ಟ್ರ್ಯಾಕರ್ ಬೇಡ ಅಂದರೆ ಯಾವ ಕಳ್ಳತನ ನಿಂತಿತು? ನಷ್ಟ ಆದದ್ದು ಡೆಬಿಯನ್‌ಗಾಗಿ ಕಾದು ಕುಳಿತ ಮಕ್ಕಳಿಗೆ.

"ವೈರಸ್ ಬರುತ್ತೆ" ಅನ್ನುವುದು ಇನ್ನೊಂದು. ಬಂದ ಪ್ರತಿ ತುಂಡನ್ನೂ ಟೊರೆಂಟ್ ಫೈಲಿನಲ್ಲಿರುವ ಹ್ಯಾಶ್ ಜೊತೆ ಕ್ಲೈಂಟ್ ತಾಳೆ ನೋಡುತ್ತದೆ. ಹೊಂದದಿದ್ದರೆ ಎಸೆಯುತ್ತದೆ. ಟೊರೆಂಟ್ ಫೈಲನ್ನು ಡೆಬಿಯನ್ ಸೈಟಿನಿಂದ ತಂದರೆ ಸಾಕು, ತುಂಡು ಯಾರಿಂದ ಬಂದರೂ ಚಿಂತೆಯಿಲ್ಲ. ಗುರುತಿಲ್ಲದ ಪೆನ್‌ಡ್ರೈವ್ ಚುಚ್ಚುತ್ತಾರಲ್ಲ, ಅದಕ್ಕೆ ಇಷ್ಟು ತಪಾಸಣೆ ಇದೆಯಾ?

ಗೆಳೆಯರಲ್ಲಿ ಕಾಲೇಜು ಮೇಷ್ಟ್ರುಗಳು ಬೇಕಾದಷ್ಟು ಜನ ಇದ್ದೀರಿ. ಓಪನ್‌ಟ್ರ್ಯಾಕರ್ ಕಂಪೈಲ್ ಮಾಡುವಾಗ ವೈಟ್‌ಲಿಸ್ಟ್ ಆಯ್ಕೆ ಹಾಕಿ. ಆಗ ನೀವು ಬರೆದಿಟ್ಟ ಹ್ಯಾಶ್‌ಗಳಿಗೆ ಬಿಟ್ಟು ಬೇರೆ ಯಾವುದಕ್ಕೂ ಅದು ವಿಳಾಸ ಕೊಡುವುದಿಲ್ಲ. ಒಳಗಿನ ನೆಟ್‌ವರ್ಕ್‌ಗೆ ಮಾತ್ರ ಸಿಗುವ ಹಾಗೆ ಇಡಿ. ಟೊರೆಂಟ್ ನೀವೇ ತಯಾರಿಸಿ, ಅದಕ್ಕೆ ಪ್ರೈವೇಟ್ ಗುರುತು ಹಾಕಿ, ಡಿಎಚ್‌ಟಿ ಕಡೆ ಕ್ಲೈಂಟ್ ಹೋಗುವುದಿಲ್ಲ. ಹಳೆಯ ಕಂಪ್ಯೂಟರ್ ಒಂದಿದ್ದರೆ ಸಾಕು. ಕೂರಿಸಿಕೊಡಲು ನಾನೇ ಬರುತ್ತೇನೆ, ದುಡ್ಡು ಬೇಡ. ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಇನ್‌ಬಾಕ್ಸ್ ಮಾಡಿ.