ಸಾಂಬಾರ್ ಕವರ್ ತೂಕದಲ್ಲಿ ಪಾಸಾದರೆ ಸಾಕಾ?

ನಿನ್ನೆ ರಾತ್ರಿ ಪಾರ್ಸಲ್‌ಗೆ ಅಂತ ಒಂದು ಹೋಟೆಲ್ ಮುಂದೆ ನಿಂತಿದ್ದೆ. ಕುದಿಯುತ್ತಿದ್ದ ಸಾಂಬಾರನ್ನು ಸೌಟಿನಲ್ಲಿ ಎತ್ತಿ ತೆಳ್ಳನೆ ಕವರಿಗೆ ಸುರಿದು, ದಾರ ಸುತ್ತಿ ಪಕ್ಕಕ್ಕೆ ಎಸೆಯುತ್ತಿದ್ದರು. ನನ್ನ ಮುಂದಿದ್ದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು, "ಇದು ಒಳ್ಳೇದೇನಪ್ಪಾ?" ಗಲ್ಲಾದಲ್ಲಿ ಕೂತಿದ್ದವರು ತಲೆ ಎತ್ತದೆ, "ಫುಡ್ ಗ್ರೇಡ್ ಸಾರ್, ಲ್ಯಾಬಲ್ಲಿ ಟೆಸ್ಟ್ ಆಗಿರೋದು" ಅಂದರು. ಹಿರಿಯರು ಸುಮ್ಮನಾದರು. ಲ್ಯಾಬ್ ಅನ್ನೋ ಮಾತಿಗೆ ಎದುರು ಮಾತಾಡೋರು ಯಾರು?

ನಾನು ಮಾತಾಡ್ತೀನಿ.

ಲ್ಯಾಬಲ್ಲಿ ಜೀವಕೋಶ ಬೆಳೆಸಿ ಪ್ಲಾಸ್ಟಿಕ್ ಪರೀಕ್ಷೆ ಮಾಡುವುದು ನನ್ನ ಕೆಲಸ ಅಂತ ನಿಮಗೆಲ್ಲ ಗೊತ್ತು. ಮದುವೆ ಮನೆಯಲ್ಲಿ ಎಲ್ಲರೆದುರು "ಇವಳು ಇಲಿ ಸಾಕ್ತಾಳಂತೆ" ಅನ್ನುವ ದೊಡ್ಡಮ್ಮನಿಗೂ ಗೊತ್ತು. (ಇಲಿ ಅಲ್ಲ ದೊಡ್ಡಮ್ಮ, ಇಲಿಯ ಜೀವಕೋಶ. ಎಷ್ಟು ಸಲ ಹೇಳೋದು.) ಆಸ್ಪತ್ರೆಯಲ್ಲಿ ಬಳಸುವ ಪ್ಲಾಸ್ಟಿಕ್ ಟ್ಯೂಬ್, ಕ್ಯಾತಿಟರ್, ಡ್ರಿಪ್ ಸೆಟ್, ಇವೆಲ್ಲ ರೋಗಿಯ ಮೈ ಮುಟ್ಟುವ ಮೊದಲು ಜೀವಕೋಶಗಳ ಮುಂದೆ ಪರೀಕ್ಷೆಗೆ ನಿಲ್ಲಬೇಕು. ಐಎಸ್ಒ 10993-5 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಅದು. ಪ್ಲಾಸ್ಟಿಕ್ಕನ್ನು ಕತ್ತರಿಸಿ, ಜೀವಕೋಶ ಬೆಳೆಸುವ ದ್ರವದಲ್ಲಿ 37 ಡಿಗ್ರಿಯಲ್ಲಿ ಒಂದು ದಿನ ನೆನೆಸಿಡುತ್ತೇವೆ. ಆಮೇಲೆ ಆ ದ್ರವವನ್ನು ತಟ್ಟೆಯಲ್ಲಿ ಬೆಳೆದ ಇಲಿಯ ಜೀವಕೋಶಗಳ ಮೇಲೆ ಹಾಕಿ ಕಾಯುವುದು, ಅಷ್ಟೇ. ಪ್ಲಾಸ್ಟಿಕ್ ಸಾಚಾ ಇದ್ದರೆ ಜೀವಕೋಶಗಳು ತಳಕ್ಕೆ ಅಂಟಿಕೊಂಡು, ಉದ್ದಕ್ಕೆ ಚಾಚಿಕೊಂಡು ಆರಾಮಾಗಿರುತ್ತವೆ. ಏನಾದರೂ ಕೆಟ್ಟದ್ದು ಇಳಿದಿದ್ದರೆ ಮುದುರಿ ಗುಂಡಗಾಗುತ್ತವೆ, ತಳ ಬಿಟ್ಟು ತೇಲತೊಡಗುತ್ತವೆ. ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಎರಡು ದಾಟಿದರೆ ಫೇಲ್. ಇಲ್ಲಿ ಅಂಕ ಜಾಸ್ತಿ ಬಂದಷ್ಟೂ ಮಾನ ಹೋಗುತ್ತದೆ.

ಅಂದ ಹಾಗೆ, ನಾನು ಪ್ಲಾಸ್ಟಿಕ್ ದ್ವೇಷಿ ಅಲ್ಲ. ಪ್ರತಿ ಪರೀಕ್ಷೆಯಲ್ಲೂ "ಇದು ಒಳ್ಳೆಯದು, ಇದಕ್ಕೆ ಹೋಲಿಸಿ ನೋಡಿ" ಅಂತ ಪಕ್ಕದಲ್ಲಿ ಇಡುವುದೇ ಒಂದು ಪ್ಲಾಸ್ಟಿಕ್, ಎಚ್‌ಡಿಪಿಇ ಅನ್ನುವ ಪಾಲಿಥಿನ್. "ಇದು ಕೊಲ್ಲುತ್ತದೆ" ಅಂತ ತೋರಿಸಲು ಇಡುವುದರಲ್ಲಿ ಒಂದು ನೈಸರ್ಗಿಕ ರಬ್ಬರ್! ನ್ಯಾಚುರಲ್ ಅಂದ ಕೂಡಲೇ ಕೈ ಮುಗಿಯುವವರು ಒಮ್ಮೆ ಬಂದು ನಮ್ಮ ಮೈಕ್ರೋಸ್ಕೋಪಲ್ಲಿ ಇಣುಕಿ ಹೋಗಿ.

ಈಗ ಸಾಂಬಾರ್ ಕವರಿಗೆ ಬನ್ನಿ. ಅದಕ್ಕೆ ಯಾವ ಜೀವಕೋಶವೂ ಕಡ್ಡಾಯವಿಲ್ಲ. ಅದಕ್ಕಿರುವುದು ತಕ್ಕಡಿ. ಐಎಸ್ 9845 ಅನ್ನುವ ಭಾರತೀಯ ಮಾನದಂಡದ ಪ್ರಕಾರ ಪ್ಲಾಸ್ಟಿಕ್ಕನ್ನು ನೀರು, ಹುಳಿಯ ಬದಲಿಗೆ ಅಸಿಟಿಕ್ ಆಸಿಡ್, ಎಣ್ಣೆಯ ಬದಲಿಗೆ ಹೆಪ್ಟೇನ್ ಇಂಥ ದ್ರವಗಳಲ್ಲಿ ಇಡುತ್ತಾರೆ. ದ್ರವ ಪೂರ್ತಿ ಆವಿಯಾಗುವವರೆಗೆ ಕಾಯಿಸುತ್ತಾರೆ. ತಳದಲ್ಲಿ ಉಳಿದದ್ದನ್ನು ತೂಗುತ್ತಾರೆ. ಕಿಲೋ ದ್ರವಕ್ಕೆ 60 ಮಿಲಿಗ್ರಾಂ ಒಳಗಿದ್ದರೆ ಪಾಸ್. ಬೇರಿಯಂ, ಕೋಬಾಲ್ಟ್ ಥರದ ಕೆಲವು ಲೋಹಗಳಿಗೆ ಬೇರೆ ಮಿತಿ ಇದೆ, ಒಪ್ಪುತ್ತೇನೆ. ಮಿಕ್ಕಂತೆ ಇಳಿದದ್ದು ಏನು? ಮೈಗೆ ಅದು ಏನು ಮಾಡುತ್ತದೆ? ತಕ್ಕಡಿ ಹೇಳಲ್ಲ. ಮನೆಗೆ ಬಂದವನ ತೂಕ ನೋಡಿ, ಕಳ್ಳನಲ್ಲ ಅಂತ ಸರ್ಟಿಫಿಕೇಟ್ ಕೊಟ್ಟ ಹಾಗಾಯ್ತು.

ಅದೂ ಎಷ್ಟು ಬಿಸಿಗೆ ಪಾಸಾಗಿದೆ ಅಂತ ಯಾರು ಕೇಳುತ್ತಾರೆ? ಬಿಸಿ ಏರಿದಷ್ಟೂ, ಎಣ್ಣೆ ಇದ್ದಷ್ಟೂ ಪ್ಲಾಸ್ಟಿಕ್‌ನಿಂದ ಇಳಿಯುವುದು ಜಾಸ್ತಿ. ನಮ್ಮ ಸಾಂಬಾರಲ್ಲಿ ಬಿಸಿ, ಹುಳಿ, ಒಗ್ಗರಣೆ ಎಣ್ಣೆ ಮೂರೂ ಇದೆ. ತಣ್ಣಗಿನ ಪದಾರ್ಥಕ್ಕೆ ಅಂತ ಪಾಸಾದ ಕವರಿಗೆ ಒಲೆಯಿಂದ ಇಳಿಸಿದ್ದನ್ನು ಸುರಿದರೆ ಆ ರಿಪೋರ್ಟ್ ಯಾವ ಉಪ್ಪಿನಕಾಯಿಗೆ?

ತೂಕ ಸಾಕಾಗಲ್ಲ ಅನ್ನೋದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಆನಾ ಸೋಟೋ ಮತ್ತು ಕಾರ್ಲೋಸ್ ಸೊನೆನ್‌ಶೈನ್ ಸ್ತನ ಕ್ಯಾನ್ಸರ್ ಜೀವಕೋಶಗಳನ್ನು ಬೆಳೆಸುತ್ತಿದ್ದರು. ಈಸ್ಟ್ರೋಜೆನ್ ಹಾರ್ಮೋನ್ ಕೊಡದಿದ್ದರೆ ಅವು ಹೆಚ್ಚಬಾರದು. ಆದರೆ ಏನೂ ಕೊಡದೆಯೂ ಹೆಚ್ಚತೊಡಗಿದವು. ತಿಂಗಳುಗಟ್ಟಲೆ ಹುಡುಕಿದರು. ಕೊನೆಗೆ ಸಿಕ್ಕಿಬಿದ್ದದ್ದು ಅವರೇ ಬಳಸುತ್ತಿದ್ದ ಪ್ಲಾಸ್ಟಿಕ್ ಟ್ಯೂಬ್! ಅದರಿಂದ ನೋನೈಲ್‌ಫಿನಾಲ್ ಅನ್ನುವ ರಾಸಾಯನಿಕ ಇಳಿದು ಹಾರ್ಮೋನಿನ ವೇಷ ಹಾಕಿತ್ತು. ಟ್ಯೂಬ್ ಮಾಡಿದ ಕಂಪನಿಯನ್ನು ಕೇಳಿದರೆ, ಅದು ವ್ಯಾಪಾರದ ಗುಟ್ಟು ಅಂತ ಬಾಯಿ ಬಿಡಲಿಲ್ಲ. ಇವರೇ ಪತ್ತೆ ಮಾಡಿ 1991ರಲ್ಲಿ ಪ್ರಕಟಿಸಿದರು. 1993ರಲ್ಲಿ ಸ್ಟ್ಯಾನ್‌ಫರ್ಡ್‌ನವರಿಗೂ ಇಂಥದ್ದೇ ಅನುಭವ. ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಫ್ಲಾಸ್ಕಲ್ಲಿ ನೀರನ್ನು ಆಟೋಕ್ಲೇವ್ ಮಾಡಿದಾಗ, ಅಂದರೆ ಒತ್ತಡದ ಹಬೆಯಲ್ಲಿ ಕಾಯಿಸಿದಾಗ, ಬಿಪಿಎ ಅನ್ನುವ ರಾಸಾಯನಿಕ ಇಳಿದಿತ್ತು. ಇವತ್ತು ಬಾಟಲಿ ಮೇಲೆ ದೊಡ್ಡದಾಗಿ "ಬಿಪಿಎ ಫ್ರೀ" ಅಂತ ಇರುತ್ತಲ್ಲ, ಅದೇ ಬಿಪಿಎ. ಟಫ್ಟ್ಸ್‌ನಲ್ಲಿ ಚಾಡಿ ಹೇಳಿದ್ದೇ ಜೀವಕೋಶಗಳು; ಸ್ಟ್ಯಾನ್‌ಫರ್ಡ್‌ನಲ್ಲೂ ಬಿಪಿಎ ಹಾರ್ಮೋನಿನ ವೇಷ ಹಾಕುತ್ತೆ ಅಂತ ಸಾಕ್ಷಿ ಹೇಳಿದವು.

ಈಗ ಬರುತ್ತೆ ನೋಡಿ ಬುದ್ಧಿವಂತರ ಕಾಮೆಂಟ್. "ತಟ್ಟೆಯಲ್ಲಿರೋ ಜೀವಕೋಶ ಮನುಷ್ಯ ಅಲ್ಲ. ಅದಕ್ಕೆ ಲಿವರ್ ಇಲ್ಲ, ಕಿಡ್ನಿ ಇಲ್ಲ. ದೇಹ ಸಂಭಾಳಿಸುವುದನ್ನು ಅದು ಸಂಭಾಳಿಸಲ್ಲ." ನಿಜ. ನಮ್ಮ ಇಲಿ ಜೀವಕೋಶಗಳಿಗೆ ಹಾರ್ಮೋನಿನ ನಾಟಕವೂ ತಿಳಿಯಲ್ಲ, ಅದಕ್ಕೆ ಬೇರೆ ಜಾತಿಯ ಜೀವಕೋಶ ಬೇಕು. ಎಲ್ಲ ಒಪ್ಪಿದೆ. ತಕ್ಕಡಿಗೆ ಲಿವರ್ ಇದೆಯಾ ಸ್ವಾಮಿ?

ಇನ್ನೊಂದು ಗುಂಪು, "ಅಯ್ಯೋ ಪಾಪ, ಪ್ರಾಣಿ ಹಿಂಸೆ." ನಾವು ಬಳಸುವ ಎಲ್929 ಜೀವಕೋಶಗಳು 1940ರಲ್ಲಿ ಅಮೆರಿಕದಲ್ಲಿದ್ದ ಒಂದೇ ಒಂದು ಗಂಡಿಲಿಯ ಚರ್ಮದಡಿಯಿಂದ ಬಂದದ್ದು. ಇಲಿ ಯಾವ ಕಾಲಕ್ಕೋ ಸತ್ತಿದೆ. ಅದರ ಜೀವಕೋಶ ಇವತ್ತಿಗೂ ಫ್ಲಾಸ್ಕಲ್ಲಿ ಹೆಚ್ಚುತ್ತಲೇ ಇದೆ. ಜೀವಕೋಶಕ್ಕೇ ಸಹಿಸಲಾಗದ ಪ್ಲಾಸ್ಟಿಕ್ ಇಲ್ಲೇ ಉದುರಿದರೆ, ಮುಂದಿನ ಹಂತದ ಪರೀಕ್ಷೆಯಲ್ಲಿ ಅಷ್ಟು ಮೊಲಗಳ ಬೆನ್ನಿಗೆ ಸೂಜಿ ತಪ್ಪುತ್ತದೆ.

ಆದರೆ ಇಷ್ಟು ಹೇಳಿ ನುಣುಚಿಕೊಂಡರೆ ತಪ್ಪಾಗುತ್ತೆ. ಈ ಜೀವಕೋಶಗಳಿಗೆ ನಾವು ಹಾಕುವ ಆಹಾರದಲ್ಲಿ ಸೀರಂ ಇರುತ್ತದೆ. ಅದು ಹಸುವಿನ ಹೊಟ್ಟೆಯಲ್ಲಿದ್ದ, ಇನ್ನೂ ಹುಟ್ಟದ ಕರುವಿನ ರಕ್ತದಿಂದ ತೆಗೆದದ್ದು. ಸೀರಂ ಇಲ್ಲದೆ ಬೆಳೆಸುವ ದಾರಿಗಳಿವೆ, ಆದರೂ ಹೆಚ್ಚಿನ ಕಡೆ ಇನ್ನೂ ಇದೇ ನಡೆಯುತ್ತಿದೆ. ನಮ್ಮಮ್ಮನಿಗೆ ಇದನ್ನು ನಾನು ಹೇಳಿಲ್ಲ. ಗೋಪೂಜೆ ದಿನ ಅವರ ಪಕ್ಕ ಆರತಿ ತಟ್ಟೆ ಹಿಡಿದು ನಿಂತಾಗ ಹೊಟ್ಟೆಯಲ್ಲಿ ಏನೋ ಒಂಥರಾ ಆಗುತ್ತೆ. ಅಮ್ಮ ಫೇಸ್‌ಬುಕ್‌ನಲ್ಲಿ ಇಲ್ಲ, ಇರುವ ಚಿಕ್ಕಮ್ಮಂದಿರು ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ.

2025ರ ಶುರುವಿನಲ್ಲಿ ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕುತ್ತಿದ್ದುದನ್ನು ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪತ್ತೆ ಮಾಡಿತು. ಸುಮಾರು 250 ಕಡೆ ನೋಡಿದಾಗ 50ಕ್ಕೂ ಹೆಚ್ಚು ಕಡೆ ಇದೇ ಕಥೆ. ಸರ್ಕಾರ ಹಾಳೆ ನಿಷೇಧಿಸಿತು, ಎಲ್ಲರೂ ಭೇಷ್ ಅಂದೆವು. ಹಾಳೆ ಅಡುಗೆಮನೆಯಿಂದ ಹೊರಗೆ ಹೋಯಿತು. ಅದೇ ಇಡ್ಲಿಯ ಜೊತೆ ಸಾಂಬಾರ್ ಮಾತ್ರ ಕವರಲ್ಲೇ ಹೊರಗೆ ಬರುತ್ತಿದೆ! ಇಡ್ಲಿಗೆ ಆಗದ ಬಿಸಿ ಪ್ಲಾಸ್ಟಿಕ್ ಸಾಂಬಾರಿಗೆ ಹೇಗೆ ಆಗಿಬರುತ್ತೆ, ಯಾರಾದರೂ ತಿಳಿದವರು ವಿವರಿಸಿ.

"ಸ್ಟೀಲ್ ಡಬ್ಬಿ ತಗೊಂಡು ಹೋಗಿ ಮೇಡಂ" ಅಂತ ಮಾತ್ರ ಬರೆಯಬೇಡಿ. ಡ್ರಿಪ್ ಹಾಕಿಸಿಕೊಳ್ಳೋಕೆ ಬರುವವರಿಗೆ ಟ್ಯೂಬ್ ಮನೆಯಿಂದ ತನ್ನಿ ಅಂತ ನಾವು ಹೇಳಲ್ಲ. ಟ್ಯೂಬ್ ಮಾಡುವವರ ಹತ್ತಿರ ರಿಪೋರ್ಟ್ ಕೇಳುತ್ತೇವೆ. ಕವರ್ ಮಾಡುವವರನ್ನೂ ಹಾಗೇ ಕೇಳಲಿ. ಕುದಿಯುವ ಬಿಸಿಗೆ ಇಟ್ಟು ಇಳಿದ ದ್ರವ, ಅದರ ಕೆಳಗೆ ಬದುಕಿರುವ ಜೀವಕೋಶ, ಅಂಕ ಎರಡರೊಳಗೆ. ಮೊದಲು ಆ ಸಾಂಬಾರ್ ಕವರಿಂದಲೇ ಶುರು ಮಾಡಲಿ. ಜೀವಕೋಶ ಬೇಕಾದರೆ ನಾನೇ ಬೆಳೆಸಿಕೊಡುತ್ತೇನೆ.