ಮೊಳ ಅಳೆಯುವ ಕೈಗೆ ಬೌಳಿ ರಾಗ

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ನಸುಕಿನ ಚಿತ್ರಗಳನ್ನು ಒಂದೊಂದಾಗಿ ತೋರಿಸುವ ನಿಮ್ಮ ವಿಡಿಯೊಗೆ ವೀಣೆಯಲ್ಲಿ ಬೌಳಿ ರಾಗವನ್ನು ಹೊಂದಿಸಿದ್ದು ಬಹಳ ಹಿಡಿಸಿತು. ಕರ್ನಾಟಕ ಸಂಗೀತದ 15ನೇ ಮೇಳ (ಮೂಲ ರಾಗ) ಮಾಯಾಮಾಳವಗೌಳದಲ್ಲಿ ಹುಟ್ಟಿದ ಬೌಳಿ ಬೆಳಗಿನ ಜಾವದ ರಾಗ. ಹೂವಿನ ವ್ಯಾಪಾರವೂ ಅದೇ ಹೊತ್ತಿನದು. ಸೇವಂತಿಗೆ ಮಾಲೆಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಮೊಳ ಅಳೆಯುತ್ತಿರುವ ಅಜ್ಜಿಯ ಉಗುರಿಗೆ ಅಂಟಿದ ಒದ್ದೆ ಬಾಳೆನಾರು ಕೂಡ ಕಾಣುತ್ತದೆ. ಅಲ್ಲಿ ವೀಣೆಯ ಮೀಟು ನಿಂತು ನಾದವಷ್ಟೇ ಉಳಿದಾಗ ನನಗೆ ಕಣ್ಣು ತುಂಬಿ ಬಂತು. ನಮ್ಮ ಅಮ್ಮನೂ ಹೀಗೆಯೇ ಅಳೆದು, ಮೇಲೆ ನಾಲ್ಕು ಬೆರಳು ಹೆಚ್ಚು ಬಿಟ್ಟು ಕತ್ತರಿಸುತ್ತಿದ್ದರು.

ಆದರೆ ಕೊನೆಯ ಚಿತ್ರಗಳು ತಾಳದ ಪ್ರತಿ ಪೆಟ್ಟಿಗೂ ಒಂದರಂತೆ ಓಡಿಬಿಡುತ್ತವೆ. ಮೂಟೆ ಹೊತ್ತ ಹಮಾಲರ ಮುಖ ನೋಡುವಷ್ಟರಲ್ಲಿ ಮಾಯ! ಅವರಿಗೂ ಅಜ್ಜಿಗೆ ಕೊಟ್ಟಷ್ಟೇ ಹೊತ್ತು ಕೊಡಿ. ದರ ಕೂಗುವ ದನಿಗಳನ್ನೂ ವೀಣೆಯ ನಡುವೆ ಒಂದಿಷ್ಟು ಕೇಳಿಸಿ, ದಯವಿಟ್ಟು.