ಪರ–ವಿರೋಧ: ಮಲ್ಟಿಮೀಡಿಯಾ ಪಾಠ ಮಾಡಲು ಎಲ್ಲ ಶಿಕ್ಷಕರೂ ಕಲಿಯಲೇಬೇಕೆ?

ಪರ: ನಮ್ಮೂರಿನ ಪಾಠ ನಾವೇ ಮಾಡೋಣ
(ರಾಯಚೂರು ಜಿಲ್ಲೆಯ ಸಮಾಜ ವಿಜ್ಞಾನ ಶಿಕ್ಷಕಿ)

ಕಲಿಯಲೇಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ನಮ್ಮ ಪ್ರೌಢಶಾಲೆ ಇರುವುದು ಮಸ್ಕಿ ಹತ್ತಿರ. ಅಶೋಕನ ಶಾಸನದ ಊರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಪತ್ತೆ ಮಾಡಿದರು. ಅಲ್ಲಿಯವರೆಗೆ ಸಿಕ್ಕಿದ್ದ ಅಶೋಕನ ಶಾಸನಗಳಲ್ಲಿ ‘ದೇವಾನಂಪಿಯ’ (ದೇವರಿಗೆ ಪ್ರಿಯನಾದವನು) ಎಂಬ ಬಿರುದು ಇತ್ತು, ಹೆಸರು ಇರಲಿಲ್ಲ. ಹೆಸರು ಸಿಕ್ಕಿದ್ದು ನಮ್ಮ ಬಂಡೆಯಲ್ಲಿ! ಇದನ್ನು ವರ್ಷಗಟ್ಟಲೆ ಬಾಯಲ್ಲೇ ಹೇಳಿದೆ. ಮಕ್ಕಳು ಬರೆದುಕೊಂಡರು, ಪರೀಕ್ಷೆಯಲ್ಲಿ ಬರೆದರು, ಮರೆತರು.

ಆಮೇಲೆ ತರಬೇತಿಗೆ ಹೋದೆ. ಫೋಟೊ ಕತ್ತರಿಸುವುದು, ದೊಡ್ಡದು ಮಾಡುವುದು, ದನಿ ಸೇರಿಸುವುದು ಕಲಿತೆ. ಮೊಬೈಲ್‌ನಲ್ಲಿ ಬಂಡೆಯ ಫೋಟೊ ತೆಗೆದು, ಪಕ್ಕದಲ್ಲಿ ಬ್ರಾಹ್ಮಿ ಅಕ್ಷರಗಳು ಒಂದೊಂದಾಗಿ ಮೂಡುವಂತೆ ಮಾಡಿದೆ. ಅ, ಸೋ, ಕ, ಸ. ಕೂಡಿಸಿ ಓದಿದರೆ ‘ಅಸೋಕಸ’, ಅಂದರೆ ಅಶೋಕನ. ಮೂರನೆಯದು ಗೋಡೆ ಮೇಲೆ ಬಂದದ್ದೇ ತಡ, ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. “ಟೀಚರ್, ಇದು ಕೂಡಿಸೋ ಚಿಹ್ನೆ ಐತಲ್ರೀ!”

ಹೌದು, ಬ್ರಾಹ್ಮಿಯ ‘ಕ’ ಥೇಟ್ ಪ್ಲಸ್ ಗುರುತು. ಅವತ್ತು ಇಡೀ ತರಗತಿ ತಂತಮ್ಮ ಹೆಸರಿನಲ್ಲಿ ‘ಕ’ ಹುಡುಕಿತು. ಮರುದಿನ ನೋಟ್‌ಬುಕ್ಕಿನ ರಟ್ಟಿನ ಮೇಲೆಲ್ಲ ಪ್ಲಸ್ ಗುರುತು. ಯಾವತ್ತೂ ಬಾಯಿ ಬಿಡದ ಹುಡುಗ ಈಗ ಉಳಿದ ಅಕ್ಷರ ಯಾವಾಗ ಕಲಿಸ್ತೀರಿ ಅಂತ ಬೆನ್ನು ಹತ್ತಿದ್ದಾನೆ.

2017ರಿಂದ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾ ಇದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ವಿಡಿಯೊ ಸಿಗುತ್ತದೆ. ಒಳ್ಳೆಯದೇ. ಆದರೆ ರಾಜ್ಯಕ್ಕೆಲ್ಲ ಒಂದೇ ವಿಡಿಯೊ ಮಾಡಿದರೆ ಅದರಲ್ಲಿ ನಮ್ಮ ಬಂಡೆಗೆ, ನಮ್ಮ ಹುಡುಗರಿಗೆ ಎಷ್ಟು ಜಾಗ ಸಿಕ್ಕೀತು? ಅದಕ್ಕೇ ಸುಮ್ನೆ ತೋರಿಸುವುದಲ್ಲ, ಮಾಡುವುದನ್ನೇ ಕಲಿಯಬೇಕು. ವಯಸ್ಸಾಯ್ತು, ಇದೆಲ್ಲ ನಮಗಾಗಲ್ಲ ಅನ್ನುತ್ತಾರೆ ಕೆಲವರು. ಮೊಮ್ಮಕ್ಕಳಿಗೆ ವಿಡಿಯೊ ಕಾಲ್ ಮಾಡಲು ಬರುತ್ತದೆ ಅಲ್ವಾ? ಮನಸ್ಸಿದ್ದರೆ ಇದೂ ಬರುತ್ತದೆ. ಬೀಗ ಹಾಕಿದ ಕೋಣೆಯಲ್ಲಿ ಪ್ರೊಜೆಕ್ಟರ್ ಧೂಳು ತಿನ್ನುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ವಿರೋಧ: ಮೊದಲು ನೋಟ್‌ಬುಕ್ ನೋಡಲು ಬಿಡಿ
(ಕೊಪ್ಪಳ ಜಿಲ್ಲೆಯ ಗಣಿತ ಶಿಕ್ಷಕ)

ವಿರೋಧವಾಗಿ ಬರೆಯಿರಿ ಎಂದರು, ಬರೆಯುತ್ತಿದ್ದೇನೆ. ಪೂರ್ತಿ ಬೇಡ ಎನ್ನುವವನಲ್ಲ ನಾನು. ವೃತ್ತದ ಪಾಠಕ್ಕೆ ಜಿಯೋಜಿಬ್ರಾ ಎಂಬ ಗಣಿತದ ತಂತ್ರಾಂಶ ಬಳಸಿದ್ದೇನೆ. ಎಲ್ಲರೂ ಕಲಿಯಲೇಬೇಕು ಎನ್ನುವ ಹಟ ಮಾತ್ರ ಒಪ್ಪಿಗೆಯಾಗುವುದಿಲ್ಲ.

ವಿಡಿಯೊ ಹಚ್ಚಿ ಮೇಷ್ಟ್ರು ಮೂಲೆಯಲ್ಲಿ ಕುಳಿತರೆ ಅದು ಪಾಠವಲ್ಲ. ಕರೆಂಟ್ ಹೋದರೆ ಪೀರಿಯಡ್ಡೇ ಹೋಯಿತು. ಇವು ಎಲ್ಲರಿಗೂ ಗೊತ್ತಿರುವ ಮಾತು. ನನ್ನನ್ನು ಚುಚ್ಚುವುದು ಬೇರೆ.

ಒಂದು ವರ್ಷ ಭಿನ್ನರಾಶಿ ಪಾಠಕ್ಕೆ ಸ್ಲೈಡ್ ಮಾಡಲು ಕೂತೆ. ಮೂರು ವಾರ ರಾತ್ರಿಯೆಲ್ಲ ಅದೇ ಕೆಲಸ. ರೊಟ್ಟಿಯ ಚೂರುಗಳು ಹಾರಿ ಬಂದು ಕೂಡಿಕೊಳ್ಳುತ್ತಿದ್ದವು. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಮೂರು ವಾರ ನೋಟ್‌ಬುಕ್ ತಿದ್ದಲು ಆಗಲೇ ಇಲ್ಲ.

ಆಮೇಲೆ ತೆರೆದೆ. ಒಬ್ಬ ಹುಡುಗಿ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಳು. 1/2 ಮತ್ತು 1/3 ಸೇರಿ 2/5. ಅಕ್ಷರ ಮುತ್ತಿನ ಹಾಗೆ. 20 ಲೆಕ್ಕ, 20ಕ್ಕೆ 20 ತಪ್ಪು. ಚಪ್ಪಾಳೆ ತಟ್ಟಿದವರಲ್ಲಿ ಅವಳೂ ಇದ್ದಳು.

“ಯಾಕವ್ವಾ, ಕೇಳಲಿಲ್ಲ?” ಎಂದೆ.

“ನೀವು ತಪ್ಪು ಅಂತ ಹಾಕಿದ್ದಿಲ್ಲಲ್ರೀ ಸರ್. ಸರಿ ಐತಿ ಅನ್ಕೊಂಡೆ.”

ಆ ಮಾತು ಇವತ್ತಿಗೂ ನೋಯಿಸುತ್ತದೆ. ಬಿಸಿಯೂಟ ಮುಗಿದ ಮೇಲೆ ಅವಳನ್ನು ಪಕ್ಕ ಕೂರಿಸಿಕೊಂಡೆ. ಒಂದು ಹಾಳೆ ಮಡಚಿ, “ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಮ್ಮಿ ಆಗ್ತದೇನವ್ವಾ?” ಎಂದು ಕೇಳಿದೆ. ಅವಳು ಹಾಳೆ ನೋಡಿದಳು, 2/5 ನೋಡಿದಳು, ರಬ್ಬರ್ ತೆಗೆದಳು. ಹತ್ತು ನಿಮಿಷ ಹಿಡಿಯಿತು. ಉಳಿದ 19 ಲೆಕ್ಕ ಅವಳೇ ತಿದ್ದಿಕೊಂಡಳು.